ತನ್ನ ಆತ್ಮಕ್ಕೆ ತಾನೇ ಬುದ್ಧಿ ಹೇಳುವದು



ಜಮಖಂಡಿ ತಾಲೂಕಿನ ತುಬಚಿಯಂಥ ಹಳ್ಳಿಗಳಲ್ಲಿ ವಾಸಿಸುವ ನಮಗೆ ಸಭಾಪಾಲಕರ ಪ್ರಸಂಗವು ವಾರಕ್ಕೊಮ್ಮೆ, ಕೆಲವು ಕಡೆಗಳಲ್ಲಿ ತಿಂಗಳಿಗೊಮ್ಮೆ ಮಾತ್ರ ದೊರೆಯುತ್ತದೆ. ಆದರೆ ಬೇರೊಬ್ಬ ಪ್ರಸಂಗಿಯು ನಮ್ಮನ್ನು ಒಂದು ಗಳಿಗೆಯಾದರೂ ಬಿಟ್ಟಿರುವದಿಲ್ಲ. ನಾವು ಹೊಲದಲ್ಲಿ ಕಳೆ ತೆಗೆಯುವಾಗಲೂ, ಕಬ್ಬಿಗೆ ನೀರು ಹಾಯಿಸುತ್ತಾ ರಾತ್ರಿ ಬದುವಿನ ಮೇಲೆ ಕೂತಿರುವಾಗಲೂ, ಒಲೆಯ ಮುಂದೆ ರೊಟ್ಟಿ ಬಡಿಯುವಾಗಲೂ ಅವನು ಮಾತಾಡುತ್ತಲೇ ಇರುತ್ತಾನೆ. ಅವನು ಯಾರಂದರೆ ನಮ್ಮ ಸ್ವಂತ ಹೃದಯವೇ. ಭಾನುವಾರದ ಪ್ರಸಂಗವು ಒಂದು ತಾಸಿನಲ್ಲಿ ಮುಗಿದು ಹೋಗುತ್ತದೆ. ಈ ಪ್ರಸಂಗಿಯ ಮಾತಾದರೋ ನಿದ್ರೆ ಬರುವ ತನಕ ನಿಲ್ಲುವದಿಲ್ಲ.

ಇವನು ನಮಗೆ ಹೇಳುವದೇನು? ಬಹಳ ಸಾರಿ ಅವನ ಮಾತು ಹೀಗಿರುತ್ತದೆ: ಸಾಲ ಬಹಳವಾಯಿತು, ಇನ್ನು ತೀರುವದಿಲ್ಲ, ಪ್ರಾಯ ಹೋಯಿತು, ಇನ್ನು ಓದು ಕಲಿಯುವದು ಯಾತಕ್ಕೆ, ಎರಡು ಸಾರಿ ಕುಡಿತ ಬಿಟ್ಟು ಎರಡು ಸಾರಿ ಬಿದ್ದಾಯಿತು, ಮೂರನೆಯ ಸಾರಿಗೆ ಜನರು ನಗುವರು, ನಮ್ಮ ಹಣೆಬರಹವೇ ಇಷ್ಟು. ವಿಧಿಯ ಮೇಲಣ ನಂಬಿಕೆಯನ್ನು ಬಿಟ್ಟು ಜೀವವುಳ್ಳ ದೇವರ ಕಡೆಗೆ ತಿರುಗಿಕೊಂಡ ನಾವು ಬಾಯಿಂದ ಹಣೆಬರಹವೆಂಬ ಮಾತನ್ನು ಬಿಟ್ಟಿರಬಹುದು. ಆದರೆ ಮನಸ್ಸಿನೊಳಗಿನ ಪ್ರಸಂಗಿಯು ಅದನ್ನು ಇನ್ನೂ ಬಿಟ್ಟಿಲ್ಲ. ಹೀಗಿರಲಾಗಿ ಈ ತಿಂಗಳು ಒಂದು ಪ್ರಶ್ನೆಯನ್ನು ವಿಚಾರಿಸೋಣ: ಮನುಷ್ಯನು ತನ್ನ ಆತ್ಮಕ್ಕೆ ತಾನೇ ಬೋಧಕನಾಗಿ, ತನ್ನನ್ನು ತಾನೇ ಎಬ್ಬಿಸಿ, ಮುಂದಕ್ಕೆ ನಡಿಸಬಹುದೋ? ಹಾಗೆ ಮಾಡುವದು ವಿಶ್ವಾಸಿಗೆ ಯೋಗ್ಯವೋ?

ಯೋಗ್ಯವಲ್ಲವೆಂದು ಹೇಳುವವರು ನಮ್ಮಲ್ಲಿ ಇಬ್ಬಗೆಯವರಿದ್ದಾರೆ. ಮೊದಲನೆಯವರು, ನಮ್ಮ ರಕ್ಷಣೆಯು ಕೃಪೆಯಿಂದಲೇ ಹೊರತು ಸ್ವಂತ ಬಲದಿಂದಲ್ಲ, ತನ್ನನ್ನು ತಾನೇ ಎತ್ತಿಕೊಳ್ಳುವೆನೆಂಬದು ಗರ್ವವು, ಅನ್ನುತ್ತಾರೆ. ಎರಡನೆಯವರು, ಪ್ರವಾದಿಯಾದ ಯೆರೆಮೀಯನು ಮನುಷ್ಯನ ಹೃದಯವು ಬಹು ವಂಚನೆಯುಳ್ಳದ್ದೆಂದು ಸಾರಿದ್ದಾನೆ, ಡೊಂಕಾದ ಕೋಲು ತನ್ನ ಡೊಂಕನ್ನು ತಾನೇ ಹೇಗೆ ತಿದ್ದೀತು, ಎಂದು ಕೇಳುತ್ತಾರೆ. ಈ ಎರಡು ಆಕ್ಷೇಪಗಳೂ ತೂಕವುಳ್ಳವುಗಳೇ. ಇವುಗಳನ್ನು ಹಗುರವಾಗಿ ತಳ್ಳಿಬಿಡದೆ, ಮೊದಲು ಸತ್ಯವೇದದಲ್ಲಿ ತಮ್ಮೊಂದಿಗೆ ತಾವೇ ಮಾತಾಡಿಕೊಂಡವರನ್ನು ನೋಡೋಣ.

ಕೀರ್ತನೆಗಳ ಪುಸ್ತಕದ 42ನೆಯ ಮತ್ತು 43ನೆಯ ಕೀರ್ತನೆಗಳನ್ನು ತೆರೆಯಿರಿ. ಅಲ್ಲಿ ಹಾಡುವವನು ದೇವಾಲಯದಿಂದ ದೂರವಾಗಿ, ಯೊರ್ದನಿನ ಸೀಮೆಯಲ್ಲಿ, ಹೆರ್ಮೋನ್ ಪರ್ವತದ ಕಡೆಯಲ್ಲಿದ್ದಾನೆ. ಹಗಲಿರುಳು ಕಣ್ಣೀರೇ ಅವನಿಗೆ ಆಹಾರವಾಗಿದೆ. ಸುತ್ತಲಿನವರು, ನಿನ್ನ ದೇವರು ಎಲ್ಲಿ, ಎಂದು ಅವನನ್ನು ಹಂಗಿಸುತ್ತಾರೆ. ಇಂಥ ಸ್ಥಿತಿಯಲ್ಲಿ ಅವನು ತನ್ನ ಆತ್ಮದ ಮಾತನ್ನು ಸುಮ್ಮನೆ ಕೇಳುತ್ತಾ ಕೂಡ್ರುವದಿಲ್ಲ. ತಿರುಗಿ ಅದಕ್ಕೇ ಪ್ರಶ್ನೆ ಹಾಕುತ್ತಾನೆ. ಹೀಗೆ ಕುಗ್ಗಿಹೋಗುವದಕ್ಕೆ ಕಾರಣವೇನೆಂದು ಅದನ್ನು ವಿಚಾರಿಸಿ, ದೇವರನ್ನು ಎದುರುನೋಡಬೇಕೆಂದು ಅದಕ್ಕೆ ಅಪ್ಪಣೆ ಕೊಡುತ್ತಾನೆ. ಒಮ್ಮೆ ಹೇಳಿದ ಮಾತ್ರಕ್ಕೆ ದುಃಖವು ತೀರಲಿಲ್ಲ. ಮತ್ತೆ ತೆರೆಗಳು ಅವನ ಮೇಲೆ ಹಾಯುತ್ತವೆ. ಮತ್ತೆ ಅವನು ಕೇಳುತ್ತಾನೆ. ಎರಡು ಕೀರ್ತನೆಗಳೊಳಗೆ ಇದು ಮೂರು ಸಾರಿ ನಡೆಯುತ್ತದೆ. ಇದರಿಂದ ನಾವು ಎರಡು ಸಂಗತಿಗಳನ್ನು ಕಲಿಯುತ್ತೇವೆ. ಭಕ್ತನು ತನ್ನ ಆತ್ಮಕ್ಕೆ ಬೋಧಿಸುವದು ಗರ್ವವಲ್ಲ, ಪ್ರಾರ್ಥನೆಯ ಒಂದು ಭಾಗವೇ ಆಗಿದೆ. ಮತ್ತು ಒಂದೇ ಸಾರಿಗೆ ಫಲ ಕಾಣದಿದ್ದರೆ ಅದು ವ್ಯರ್ಥವೂ ಅಲ್ಲ.

ಈಗ ಲೂಕನು ಬರೆದ ಸುವಾರ್ತೆಯ 12ನೆಯ ಅಧ್ಯಾಯಕ್ಕೆ ಬನ್ನಿರಿ. ಅಲ್ಲಿ ಕರ್ತನು ಹೇಳಿದ ಸಾಮ್ಯದೊಳಗೆ ಒಬ್ಬ ಐಶ್ವರ್ಯವಂತನು ಕೂಡ ತನ್ನ ಆತ್ಮದೊಂದಿಗೆ ಮಾತಾಡುತ್ತಾನೆ. ಅವನ ಹೊಲವು ಚೆನ್ನಾಗಿ ಬೆಳೆದಿದೆ. ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜಗಳನ್ನು ಕಟ್ಟಿಸುವೆನು, ಬಹು ವರ್ಷಗಳಿಗೆ ಸಾಕಾಗುವಷ್ಟು ಇದೆ, ಇನ್ನು ಉಂಡು ಕುಡಿದು ಸುಖವಾಗಿರಬಹುದು, ಎಂದು ಅವನು ತನ್ನ ಆತ್ಮಕ್ಕೆ ಸಮಾಧಾನ ಹೇಳುತ್ತಾನೆ. ಅದೇ ರಾತ್ರಿ ಅವನ ಪ್ರಾಣವನ್ನು ಕೇಳಲಾಗುತ್ತದೆ. ದೇವರು ಅವನನ್ನು ಬುದ್ಧಿಹೀನನೆಂದು ಕರೆಯುತ್ತಾನೆ.

ಇಬ್ಬರೂ ತಮ್ಮ ಆತ್ಮಕ್ಕೇ ಬೋಧಿಸಿದರು. ಒಬ್ಬನು ಭಕ್ತನೂ ಮತ್ತೊಬ್ಬನು ಮೂರ್ಖನೂ ಆದದ್ದು ಯಾಕೆ? ನಮ್ಮ ವಿಚಾರದ ತಿರುಳು ಇಲ್ಲಿಯೇ ಇದೆ. ಕೀರ್ತನೆಗಾರನು ತನ್ನ ಆತ್ಮವನ್ನು ಪ್ರಶ್ನಿಸಿದನು; ಐಶ್ವರ್ಯವಂತನು ಅದನ್ನು ಮುದ್ದಿಸಿದನು. ಕೀರ್ತನೆಗಾರನು ತನ್ನ ದುಃಖವನ್ನು ಮುಚ್ಚದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದನು. ಇವನು ಸಾವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವನು ದೇವರ ಕಡೆಗೆ ನೋಡಿದನು. ಇವನು ಕಣಜದ ಕಡೆಗೆ. ಆದದರಿಂದ ತನ್ನೊಂದಿಗೆ ಮಾತಾಡುವದು ತಾನಾಗಿ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಆ ಮಾತು ಸತ್ಯವನ್ನು ಕೇಳುತ್ತದೋ, ಇಲ್ಲವೆ ಸಿಹಿಯನ್ನು ಉಣ್ಣಿಸುತ್ತದೋ ಎಂಬದೇ ಪರೀಕ್ಷೆ.

ಲೋಕದ ವಿದ್ಯಾವಂತರು ಕೂಡ ಈ ಭೇದವನ್ನು ಬೇರೆ ದಾರಿಯಿಂದ ಕಂಡಿದ್ದಾರೆ. ಫ್ರಾನ್ಸ್ ದೇಶದಲ್ಲಿ ಎಮಿಲ್ ಕುಯೆ ಎಂಬ ಔಷಧ ವ್ಯಾಪಾರಿಯು (1857–1926) ತನ್ನ ಬಳಿಗೆ ಬಂದವರಿಗೆ ಒಂದು ಉಪಾಯ ಹೇಳಿಕೊಡುತ್ತಿದ್ದನು. ತಾನು ದಿನದಿನಕ್ಕೂ ಸುಧಾರಿಸುತ್ತಿದ್ದೇನೆಂಬ ಅರ್ಥದ ಒಂದು ವಾಕ್ಯವನ್ನು ಮುಂಜಾನೆ ಇಪ್ಪತ್ತು ಸಾರಿ, ರಾತ್ರಿ ಇಪ್ಪತ್ತು ಸಾರಿ, ಇಪ್ಪತ್ತು ಗಂಟು ಹಾಕಿದ ದಾರವನ್ನು ಬೆರಳಲ್ಲಿ ಎಣಿಸುತ್ತಾ ಹೇಳಬೇಕು. ಒಂದು ಕಾಲದಲ್ಲಿ ಇದು ದೇಶದೇಶಗಳಲ್ಲಿ ಹೆಸರಾಯಿತು. ಆದರೆ ಕೆನಡಾ ದೇಶದ ವಾಟರ್ಲೂ ವಿಶ್ವವಿದ್ಯಾಲಯದ ಪಂಡಿತರು 2009ರಲ್ಲಿ ಪ್ರಕಟಿಸಿದ ಒಂದು ಪರಿಶೋಧನೆಯಲ್ಲಿ ವಿಚಿತ್ರವಾದ ಸಂಗತಿ ಹೊರಬಿತ್ತು. ತಮ್ಮನ್ನು ತಾವು ಹೀನವಾಗಿ ಎಣಿಸುವವರು ತಮ್ಮ ವಿಷಯದಲ್ಲಿ ಹೊಗಳಿಕೆಯ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಏಳಲಿಲ್ಲ, ಇನ್ನೂ ಕುಗ್ಗಿತು. ಯಾಕಂದರೆ ಬಾಯಿ ಆಡುವ ಮಾತನ್ನು ಹೃದಯವು ನಂಬದಿದ್ದರೆ, ಒಳಗಿನ ಪ್ರಸಂಗಿಯು ಎದ್ದು ನಿಂತು, ಇದು ಸುಳ್ಳು, ಎಂದು ಕೂಗುವನು.

ಅದಕ್ಕೆ ಪ್ರತಿಯಾಗಿ ಅಮೇರಿಕಾ ದೇಶದ ಮಿಶಿಗನ್ ವಿಶ್ವವಿದ್ಯಾಲಯದ ಪಂಡಿತರು 2014ರಲ್ಲಿ ಮತ್ತೊಂದು ಪರಿಶೋಧನೆಯನ್ನು ಪ್ರಕಟಿಸಿದರು. ಕಷ್ಟದ ಕೆಲಸಕ್ಕೆ ಮುಂಚೆ 'ನಾನು, ನಾನು' ಎಂದು ಯೋಚಿಸುವವರಿಗಿಂತ, ತಮ್ಮನ್ನು ಹೆಸರು ಹಿಡಿದು ಕರೆದು, ಇಲ್ಲವೆ 'ನೀನು' ಎಂದು ಸಂಬೋಧಿಸಿ ಮಾತಾಡಿಕೊಂಡವರಿಗೆ ಕಳವಳ ಕಡಿಮೆಯಾಗಿತ್ತು. ಎರಡೂವರೆ ಸಾವಿರ ವರ್ಷಗಳ ಹಿಂದಣ ಕೀರ್ತನೆಗಾರನು ಮಾಡಿದ್ದೂ ಇದನ್ನೇ ಅಲ್ಲವೋ? ಅವನು ತನ್ನ ಆತ್ಮವನ್ನು ಎದುರಿಗೆ ನಿಲ್ಲಿಸಿಕೊಂಡು, ನೆರೆಯವನೊಡನೆ ಮಾತಾಡುವಂತೆ ಮಾತಾಡಿದನು. ನಮ್ಮ ಕನ್ನಡ ನಾಡಿನಲ್ಲಿಯೂ ಹರಿದಾಸರು ತಮ್ಮ ಮನಸ್ಸನ್ನೇ ಕರೆದು ಬುದ್ಧಿ ಹೇಳುವ ರೀತಿಯಲ್ಲಿ ಅನೇಕ ಪದಗಳನ್ನು ಹಾಡಿದರೆಂಬದು ಎಲ್ಲರೂ ಬಲ್ಲ ಸಂಗತಿ. ನೆರೆಯವನ ಸಂಕಟದಲ್ಲಿ ನಮಗೆ ತೋಚುವ ವಿವೇಕವು ಸ್ವಂತ ಸಂಕಟದಲ್ಲಿ ತೋಚುವದಿಲ್ಲ. ಆದದರಿಂದ ನಮ್ಮ ಸಂಕಟವನ್ನು ನೆರೆಯವನದೋ ಎಂಬಂತೆ ಸ್ವಲ್ಪ ದೂರದಲ್ಲಿಟ್ಟು ನೋಡಬೇಕು.

ಇನ್ನು ಮೊದಲನೆಯ ಆಕ್ಷೇಪಕ್ಕೆ ಬರೋಣ. ಕೃಪೆಯಿಂದ ರಕ್ಷಣೆ ಹೊಂದಿದವನು ತನ್ನನ್ನು ತಾನೇ ಎಬ್ಬಿಸಿಕೊಳ್ಳುವದು ಹೇಗೆ? ಇದಕ್ಕೆ ನಮ್ಮ ಕಣ್ಣೆದುರಿಗಿನ ಒಂದು ದೃಷ್ಟಾಂತವಿದೆ. ತುಬಚಿಯ ಹೆಸರನ್ನು ಈಗ ದೂರದವರೂ ಬಲ್ಲರು. ಯಾಕಂದರೆ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯು ಆ ಹೆಸರನ್ನು ಹೊತ್ತಿದೆ. ಕೃಷ್ಣೆಯ ನೀರು ತಗ್ಗಿನಲ್ಲಿ ಹರಿಯುತ್ತದೆ. ವಿಜಯಪುರ ಜಿಲ್ಲೆಯ ಬಬಲೇಶ್ವರ ಕಡೆಯ ಭೂಮಿ ಎತ್ತರದಲ್ಲಿ ಒಣಗಿ ನಿಂತಿರುತ್ತದೆ. ನೀರು ತಾನಾಗಿ ಏರಲಾರದು. ಯಂತ್ರಗಳಿಂದ ಅದನ್ನು ಮೇಲಕ್ಕೆ ಎತ್ತಬೇಕು. ಆದರೆ ಯಂತ್ರವು ಒಂದು ಹನಿ ನೀರನ್ನಾದರೂ ಹುಟ್ಟಿಸುತ್ತದೋ? ಇಲ್ಲ. ಹೊಳೆ ಬತ್ತಿದರೆ ಯಂತ್ರವು ಬರೀ ಸದ್ದು ಮಾಡುವದು. ಹಾಗೆಂದು, ನೀರು ದೇವರು ಕೊಟ್ಟದ್ದು, ಯಂತ್ರ ಬೇಡ, ಎಂದು ರೈತನು ಸುಮ್ಮನಿದ್ದರೆ ಹೊಳೆಯ ಮಗ್ಗುಲಲ್ಲಿಯೇ ಹೊಲ ಒಣಗುವದು. ತನ್ನ ಆತ್ಮಕ್ಕೆ ಬೋಧಿಸುವದು ಇಂಥ ಏತದ ಕೆಲಸವೇ. ಕೃಪೆಯನ್ನು ಅದು ಹುಟ್ಟಿಸುವದಿಲ್ಲ. ಹರಿಯುತ್ತಿರುವ ಕೃಪೆಯನ್ನು ಒಣಗಿದ ಹೊಲಕ್ಕೆ ಮುಟ್ಟಿಸುತ್ತದೆ. ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ದುಡಿಯಿರೆಂದು ಆಜ್ಞಾಪಿಸಿ, ಆ ದುಡಿತಕ್ಕೆ ಮನಸ್ಸನ್ನೂ ಬಲವನ್ನೂ ಕೊಡುವಾತನು ದೇವರೇ ಎಂದು ಅದೇ ಉಸಿರಿನಲ್ಲಿ ಹೇಳುವದು ಇದೇ ಮರ್ಮವನ್ನು.

ತಂದೆಯ ಮನೆಯನ್ನು ಬಿಟ್ಟುಹೋದ ಕಿರಿಯ ಮಗನನ್ನು ನೋಡಿರಿ. ಹಂದಿಗಳ ಮಧ್ಯದಲ್ಲಿ ಹಸಿದು ಕೂತಿದ್ದಾಗ ಅವನಿಗೆ ಬುದ್ಧಿ ತಿಳಿಯಿತು. ಅವನು ತನ್ನೊಂದಿಗೆ ಆಡಿದ ಮಾತು ಚಿಕ್ಕದು. ತನ್ನ ಸ್ಥಿತಿಯೇನು, ತಂದೆಯ ಮನೆಯಲ್ಲಿ ಕೂಲಿಯಾಳುಗಳ ಸ್ಥಿತಿಯೇನು, ತಾನು ಮಾಡಿದ ತಪ್ಪೇನು, ಈಗ ಮಾಡತಕ್ಕದ್ದೇನು, ಎಂದು ಎಣಿಸಿದನು, ಎದ್ದನು, ನಡೆದನು. ಅವನ ಆತ್ಮಬೋಧೆಯು ಅವನನ್ನು ರಸ್ತೆಗೆ ಮುಟ್ಟಿಸಿತು. ಆದರೆ ಅಪ್ಪಿಕೊಳ್ಳುವದಕ್ಕೆ ಓಡಿ ಬಂದವನು ತಂದೆಯೇ. ಮಗನು ಕಲಿತುಕೊಂಡು ಬಂದ ಮಾತು ಪೂರ್ತಿಯಾಗುವ ಮೊದಲೇ ಅಂಗಿಯೂ ಉಂಗುರವೂ ಬಂದವು. ಮಗನು ಏಳದಿದ್ದರೆ ತಂದೆಯ ಅಪ್ಪುಗೆಯು ಅವನಿಗೆ ದೊರೆಯುತ್ತಿರಲಿಲ್ಲ. ತಂದೆಯು ಓಡಿ ಬಾರದಿದ್ದರೆ ಮಗನ ನಡಿಗೆಯು ಕೂಲಿಯ ಮನೆಯಲ್ಲಿ ಮುಗಿಯುತ್ತಿತ್ತು.

ಎರಡನೆಯ ಆಕ್ಷೇಪವು ಹೃದಯದ ವಂಚನೆಯನ್ನು ಕುರಿತದ್ದು. ಇದು ನಿಜವೇ. ಅರಸನಾದ ದಾವೀದನ ಮುಂದೆ ಪ್ರವಾದಿಯಾದ ನಾತಾನನು ಬಡವನ ಕುರಿಮರಿಯನ್ನು ಕಿತ್ತುಕೊಂಡ ಧನಿಕನ ಕಥೆಯನ್ನು ಹೇಳಿದಾಗ, ಅರಸನು ಸಿಟ್ಟಿನಿಂದ ಸರಿಯಾದ ತೀರ್ಪನ್ನೇ ಕೊಟ್ಟನು. ಆದರೆ ಆ ಧನಿಕನು ತಾನೇ ಎಂಬದು ಅವನಿಗೆ ಹೊಳೆಯಲೇ ಇಲ್ಲ. ಆದಕಾರಣ ತನಗೆ ತಾನೇ ಬೋಧಿಸುವವನು ಎರಡು ಕಾವಲುಗಳನ್ನು ಇಟ್ಟುಕೊಳ್ಳಬೇಕು. ಒಂದು ದೇವರ ವಾಕ್ಯವು. ಮತ್ತೊಂದು ಮುಖಸ್ತುತಿ ಮಾಡದ ಒಬ್ಬ ಸಹೋದರನು ಅಥವಾ ಸಹೋದರಿಯು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಡೊಂಕು ಅಂಗಳದಲ್ಲಿದೆಯೋ ಕಾಲಿನಲ್ಲಿದೆಯೋ ಎಂಬದನ್ನು ನೋಡಿ ಹೇಳುವವರು ಒಬ್ಬರಾದರೂ ಬೇಕು.

ಇಲ್ಲಿ ನಾವು ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅಂಗಳವೇ ನಿಜವಾಗಿ ಡೊಂಕಾಗಿರುವದೂ ಉಂಟು. ಎಲ್ಲಾ ಅಡ್ಡಿಗಳೂ ಮನಸ್ಸಿನೊಳಗೆ ಹುಟ್ಟಿದವುಗಳಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯ ಮಹಾಪೂರವು ಜಮಖಂಡಿ ತಾಲೂಕಿನ ತೀರದ ಹಳ್ಳಿಗಳಿಗೆ ನುಗ್ಗಿ ಮನೆಗಳನ್ನೂ ನಿಂತ ಕಬ್ಬನ್ನೂ ಮುಳುಗಿಸಿದಾಗ, ಗೋಡೆ ಬಿದ್ದವನಿಗೆ, ನಿನ್ನ ಮನಸ್ಸನ್ನು ಸರಿಪಡಿಸಿಕೋ, ಎಂದು ಹೇಳುವದು ಕ್ರೂರತ್ವವಾಗುತ್ತಿತ್ತು. ಅವನಿಗೆ ಬೇಕಾದದ್ದು ರೊಟ್ಟಿ, ಹೊದಿಕೆ, ಸೂರು. ಹಾಗೆಯೇ ಜಾತಿಯ ನಿಮಿತ್ತ ಒಬ್ಬನನ್ನು ಬಾವಿಯಿಂದಲೋ ಚಹದ ಅಂಗಡಿಯಿಂದಲೋ ದೂರವಿಟ್ಟರೆ ತಪ್ಪು ಅವನ ಧೈರ್ಯದಲ್ಲಿಲ್ಲ, ದೂರವಿಟ್ಟವನಲ್ಲಿದೆ. 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಅಂಥ ಅಡ್ಡಿಯನ್ನು ನ್ಯಾಯದಿಂದ ತೆಗೆಯಬೇಕು. ಅನ್ಯಾಯ ಹೊಂದಿದವನ ಮೇಲೆ ಬೋಧೆಯ ಭಾರವನ್ನು ಹೊರಿಸಬಾರದು. ಪ್ರವಾದಿಯಾದ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ಸಾಯಬೇಕೆಂದು ಬೇಡಿದಾಗ ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ರೆಯನ್ನೂ ರೊಟ್ಟಿಯನ್ನೂ ನೀರನ್ನೂ ಕೊಟ್ಟನು; ಅದೂ ಎರಡು ಸಾರಿ. ಪ್ರಶ್ನೆಯನ್ನು ಕೇಳಿದ್ದು ಆಮೇಲೆ, ಹೋರೇಬಿನ ಗವಿಯಲ್ಲಿ. ಹಸಿದವನಿಗೂ ದಣಿದವನಿಗೂ ಬುದ್ಧಿವಾದಕ್ಕಿಂತ ಮುಂಚೆ ಊಟ ನಿದ್ರೆಗಳು ಬೇಕೆಂಬದನ್ನು ಸಭೆಯ ಹಿರಿಯರು ಮರೆಯಬಾರದು.

ಇದಕ್ಕಿಂತಲೂ ಭಾರವಾದ ಮಾತೊಂದಿದೆ. ಸಾಲವೂ ಅವಮಾನವೂ ಕೂಡಿ ಮೇಲೆ ಬಿದ್ದಾಗ ಒಳಗಿನ ಪ್ರಸಂಗಿಯು ಕೆಲವೊಮ್ಮೆ, ನೀನು ಬದುಕಿ ಫಲವಿಲ್ಲ, ಎಂದು ಹೇಳುವದುಂಟು. ಆ ಗಳಿಗೆಯಲ್ಲಿ ಯಾರೂ ತನ್ನೊಂದಿಗೆ ಮಾತ್ರ ಮಾತಾಡಿಕೊಂಡು ಇರಬಾರದು. ಫಿಲಿಪ್ಪಿಯ ಸೆರೆಮನೆಯ ಯಜಮಾನನ ಕಥೆಯು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ. ಬಾಗಿಲುಗಳು ತೆರೆದದ್ದನ್ನು ಕಂಡು, ಕೈದಿಗಳೆಲ್ಲಾ ಓಡಿಹೋದರೆಂದು ಅವನ ಮನಸ್ಸು ಅವನಿಗೆ ಹೇಳಿತು; ಅವನು ಕತ್ತಿಯನ್ನು ಹಿರಿದನು. ಆದರೆ ಅವನ ಮನಸ್ಸು ಹೇಳಿದ್ದು ಸುಳ್ಳಾಗಿತ್ತು. ಕೈದಿಗಳೆಲ್ಲಾ ಅಲ್ಲಿಯೇ ಇದ್ದರು. ಅವನನ್ನು ಉಳಿಸಿದ್ದು ಕತ್ತಲೆಯೊಳಗಿಂದ ಕೂಗಿದ ಮತ್ತೊಬ್ಬನ ಧ್ವನಿಯು. ಅದೇ ರಾತ್ರಿ ಅವನ ಮನೆಯಲ್ಲಿ ಊಟವೂ ಸಂತೋಷವೂ ಉಂಟಾದವು. ಆದಕಾರಣ ಇಂಥ ಯೋಚನೆ ಬಂದವನು ಆ ರಾತ್ರಿಯೇ ಹೆಂಡತಿಯನ್ನೋ, ಅಣ್ಣನನ್ನೋ, ಉಪದೇಶಿಯನ್ನೋ ಎಬ್ಬಿಸಿ ಹೇಳಲಿ. ವೈದ್ಯರ ಬಳಿಗೆ ಹೋಗಲಿ. 2022ರ ಅಕ್ಟೋಬರ್ ತಿಂಗಳಲ್ಲಿ ಸರಕಾರವು ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆ ಮಾತಾಡಬಹುದು. ಹಾಗೆ ಕರೆಯುವದು ಅವಿಶ್ವಾಸವಲ್ಲ. ಪೌಲನ ಧ್ವನಿಯನ್ನು ಆ ಸೆರೆಮನೆಗೆ ಕಳುಹಿಸಿದ ದೇವರು ಇಂದಿಗೂ ಮನುಷ್ಯರ ಧ್ವನಿಗಳ ಮೂಲಕ ಮನುಷ್ಯರನ್ನು ಉಳಿಸುತ್ತಾನೆ.

ಹೊರಗಿನ ಅಡ್ಡಿಗೂ ಒಳಗಿನ ಅಡ್ಡಿಗೂ ಇರುವ ಭೇದವನ್ನು ತಿಳಿದ ಮೇಲೆ, ಒಳಗಿನದನ್ನು ಗೆಲ್ಲುವ ರೀತಿಯನ್ನು ನೋಡೋಣ. ಒಬ್ಬ ಸಹೋದರನು ಸಂತೆಯ ದಿನದ ಕುಡಿತಕ್ಕೆ ಸಿಕ್ಕಿಕೊಂಡಿದ್ದಾನೆಂದು ಎಣಿಸಿರಿ. ತಾನು ಕೆಟ್ಟವನು, ಎಂದು ಅವನು ನೂರು ಸಾರಿ ಹೇಳಿಕೊಂಡಿದ್ದಾನೆ. ಅದರಿಂದ ಏನೂ ಆಗಲಿಲ್ಲ. ಈಗ ಅವನು ತನ್ನ ಆತ್ಮವನ್ನು ಎದುರಿಗೆ ಕೂಡ್ರಿಸಿಕೊಂಡು ಕೇಳಲಿ: ನೀನು ಬೀಳುವದು ಯಾವ ದಿನ, ಯಾವ ಹೊತ್ತಿನಲ್ಲಿ, ಯಾರ ಸಂಗಡ? ಉತ್ತರವು ಹೊರಬೀಳುವದು: ಸಂತೆಯ ದಿನ, ಸಂಜೆಗೆ, ಮಾಲು ಮಾರಿ ಕೈಯಲ್ಲಿ ಹಣವಿದ್ದಾಗ, ಇಂಥ ಗೆಳೆಯರ ಸಂಗಡ. ಇಷ್ಟು ತಿಳಿದ ಕೂಡಲೇ 'ನಾನು ಕೆಟ್ಟವನು' ಎಂಬ ಬೆಟ್ಟವು ಸಂತೆಯ ದಿನದ ಒಂದು ಸಂಜೆಯಾಗಿ ಸಣ್ಣದಾಯಿತು. ಬೆಟ್ಟದೊಡನೆ ಯುದ್ಧ ಮಾಡಲಾಗದವನು ಒಂದು ಸಂಜೆಯೊಡನೆ ಮಾಡಬಹುದು.

ಆ ಮೇಲೆ ಅವನು ನಿರ್ಣಯಿಸಲಿ: ಮಾಲು ಮಾರಿದ ಕೂಡಲೇ ಹಣವನ್ನು ಹೆಂಡತಿಯ ಕೈಗೆ ಕೊಡುವೆನು, ಐದು ಗಂಟೆಯ ಬಸ್ಸಿಗೆ ಅವಳ ಸಂಗಡ ಮನೆಗೆ ಬರುವೆನು. ಒಳ್ಳೆಯವನಾಗುವೆನು ಎಂಬದು ಬರೀ ಆಶೆ. ಐದು ಗಂಟೆಯ ಬಸ್ಸು ಎಂಬದು ನಿರ್ಣಯ. ಪೇಟರ್ ಗೋಲ್‌ವಿಟ್ಸರ್ ಎಂಬ ಪಂಡಿತನು 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ತೋರಿಸಿದ್ದಾನೆ. ಇಂಥ ಸಂದರ್ಭ ಬಂದರೆ ಇಂಥದ್ದನ್ನು ಮಾಡುವೆನು ಎಂದು ಸ್ಥಳವನ್ನೂ ಹೊತ್ತನ್ನೂ ಮುಂಚೆಯೇ ಗೊತ್ತು ಮಾಡಿಕೊಂಡವರು, ಬರೀ ಗುರಿಯನ್ನು ಮಾತ್ರ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ತಮ್ಮ ಕೆಲಸವನ್ನು ಪೂರೈಸುತ್ತಾರೆ. ಕೊನೆಗೆ ತನ್ನ ನಿರ್ಣಯವನ್ನು ಅವನು ದೇವರಿಗೂ ಒಬ್ಬ ಸಹೋದರನಿಗೂ ತಿಳಿಸಲಿ. ರಾತ್ರಿ ಮಲಗುವದಕ್ಕೆ ಮುಂಚೆ, ಈ ದಿನ ಏನಾಯಿತೆಂದು ತನ್ನನ್ನು ವಿಚಾರಿಸಿಕೊಳ್ಳಲಿ. ಹೀಗೆ ಹೆಸರಿಡುವದು, ಕೇಳುವದು, ಒಂದು ಕೆಲಸವನ್ನು ಗೊತ್ತು ಮಾಡುವದು, ಒಬ್ಬರಿಗೆ ತಿಳಿಸುವದು, ರಾತ್ರಿ ಲೆಕ್ಕ ನೋಡುವದು: ಈ ಐದೂ ಓದು ಬಾರದವನಿಗೂ ಸಾಧ್ಯವಾದವುಗಳೇ.

ಓದು ಬಾರದ ನಲವತ್ತು ವರುಷದ ತಾಯಿಯೂ ಹೀಗೆಯೇ ಮಾಡಬಹುದು. ಸತ್ಯವೇದವನ್ನೆಲ್ಲಾ ಓದುವದು ಹೇಗೆ, ಎಂದು ಅವಳು ಅಂಜದೆ, ಈ ವಾರ ತನ್ನ ಹೆಸರಿನ ಅಕ್ಷರಗಳನ್ನು ಮೊಮ್ಮಗಳಿಂದ ಕಲಿಯಲಿ. ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು 1853ರಲ್ಲಿ ಬಾಸೆಲ್ ಮಿಶನ್ನಿನಿಂದ ನಮ್ಮ ನಾಡಿಗೆ ಬಂದಾಗ ಕನ್ನಡವು ಅವರಿಗೆ ಪರಭಾಷೆಯಾಗಿತ್ತು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ. ಎಪ್ಪತ್ತು ಸಾವಿರದಷ್ಟು ಶಬ್ದಗಳುಳ್ಳ ಆ ಗ್ರಂಥವು ಒಂದೊಂದೇ ಶಬ್ದವಾಗಿ ಕೂಡಿತಲ್ಲದೆ ಒಂದೇ ದಿನದಲ್ಲಿ ಇಳಿದು ಬರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ.

ಹಳ್ಳದ ಮಾತು ಬಂದದ್ದರಿಂದ ನಮ್ಮ ತಾಲೂಕಿನ ಚಿಕ್ಕಪಡಸಲಗಿಯನ್ನು ನೆನೆಯದೆ ಹೋಗಲಾರೆವು. ಮಳೆಗಾಲದಲ್ಲಿ ಕಣ್ಣೆದುರಿಗೆ ಹರಿದು ಹೋಗುವ ಕೃಷ್ಣೆಯು ಬೇಸಿಗೆಯಲ್ಲಿ ಬತ್ತುತ್ತಿತ್ತು. ರೈತರು ಸರಕಾರದ ದಾರಿಯನ್ನೇ ನೋಡುತ್ತಾ ಕೂಡ್ರದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮ ಸ್ವಂತ ಹಣವನ್ನು ಕೂಡಿಸಿ, ತಾವೇ ಮೈಮುರಿದು ದುಡಿದು, 1989ರಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಬೆವರಿನ ಹನಿಗಳ ಸಮುದ್ರವೆಂದರ್ಥ. ಅವರು ನಮ್ಮ ಸಭೆಗೆ ಸೇರಿದವರಲ್ಲ. ಆದರೂ ಅವರಿಂದ ನಾವು ಕಲಿಯತಕ್ಕದ್ದುಂಟು. ಯಾರು ಬಂದು ಮಾಡುವರೆಂಬ ಪ್ರಶ್ನೆಯ ಪಕ್ಕದಲ್ಲಿಯೇ ಈ ದಿನ ನನ್ನ ಕೈಯಿಂದ ಆಗುವದೇನೆಂಬ ಪ್ರಶ್ನೆಯೂ ಇದೆ. ಮೊದಲನೆಯದನ್ನು ಕೇಳುತ್ತಿರುವ ತನಕ ಕೈಗಳು ಮಡಿಚಿಕೊಂಡೇ ಇರುತ್ತವೆ. ಎರಡನೆಯದನ್ನು ಕೇಳಿದಾಗ ಕೈಗಳು ಕಲ್ಲು ಎತ್ತುತ್ತವೆ. ಒಬ್ಬನ ಕೈಯಿಂದ ಆಗದ್ದು ಹಲವರು ಕೂಡಿದಾಗ ಆಗುತ್ತದೆಂಬದೂ ಅಲ್ಲಿ ಕಾಣುತ್ತದೆ. ಸಾಲದ ವಿಷಯದಲ್ಲಿ ನಮ್ಮ ಸಭೆಗಳು ಇದನ್ನು ಯೋಚಿಸುವದು ಒಳ್ಳೇದು.

ಇಷ್ಟೆಲ್ಲಾ ಮಾಡಿದ ಮೇಲೂ ಮತ್ತೆ ಬಿದ್ದವನು ಏನು ಮಾಡಬೇಕು? ರಬಕವಿ-ಬನಹಟ್ಟಿಯ ನೇಕಾರರನ್ನು ನೋಡಿರಿ. ಮಗ್ಗದ ಮೇಲೆ ಹಾಸಿನ ಎಳೆಯು ಹರಿದರೆ ನೇಕಾರನು ಸೀರೆಯನ್ನೆಲ್ಲಾ ಕತ್ತರಿಸಿ ಎಸೆಯುವದಿಲ್ಲ. ಹರಿದದ್ದನ್ನು ಕಾಣದವನಂತೆ ಲಾಳಿಯನ್ನು ಓಡಿಸುವದೂ ಇಲ್ಲ. ಮಗ್ಗವನ್ನು ನಿಲ್ಲಿಸಿ, ಹರಿದ ತುದಿಯನ್ನು ಹುಡುಕಿ, ಗಂಟು ಹಾಕಿ, ಮತ್ತೆ ನೇಯುತ್ತಾನೆ. ಬಿದ್ದವನು ಮಾಡತಕ್ಕದ್ದೂ ಇಷ್ಟೇ. ಎಲ್ಲಾ ಹಾಳಾಯಿತೆಂದು ಕೂಗುವದು ಸೀರೆಯನ್ನು ಕತ್ತರಿಸಿದ ಹಾಗೆ. ಏನೂ ಆಗಲಿಲ್ಲವೆಂದು ಮುಚ್ಚುವದು ಹರಿದ ಎಳೆಯ ಮೇಲೆ ನೇಯ್ದ ಹಾಗೆ. ಪಾಪವನ್ನು ಒಪ್ಪಿಕೊಂಡು ಕ್ಷಮೆಯನ್ನು ಹೊಂದಿ, ಎಲ್ಲಿ ಹರಿಯಿತೋ ಅಲ್ಲಿಂದಲೇ ಆರಂಭಿಸಬೇಕು.

ಕರ್ತನ ಶಿಷ್ಯರೊಳಗೆ ಇಬ್ಬರು ಒಂದೇ ರಾತ್ರಿಯಲ್ಲಿ ಬಿದ್ದರು. ಯೂದನೂ ತನ್ನ ತಪ್ಪನ್ನು ತಿಳಿದುಕೊಂಡನು, ಪೇತ್ರನೂ ತಿಳಿದುಕೊಂಡನು, ಇಬ್ಬರಿಗೂ ದುಃಖವಾಯಿತು. ಯೂದನು ಹಣವನ್ನು ಬಿಸಾಟು ಒಬ್ಬಂಟಿಗನಾಗಿ ಹೋದನು. ಅವನ ಕಿವಿಯಲ್ಲಿ ಅವನ ಸ್ವಂತ ಧ್ವನಿಯ ಹೊರತು ಬೇರೆ ಯಾವ ಧ್ವನಿಯೂ ಉಳಿಯಲಿಲ್ಲ. ಪೇತ್ರನು ಬಹಳವಾಗಿ ಅತ್ತನು. ಆದರೆ ಮೂರನೆಯ ದಿನ ಸಮಾಧಿಯ ಸುದ್ದಿ ಬಂದಾಗ ಅವನು ಸಹೋದರರ ಮಧ್ಯದಲ್ಲಿದ್ದನು. ಅನಂತರ ಸಮುದ್ರತೀರದಲ್ಲಿ ಕರ್ತನು ಅವನಿಗೆ ಮೂರು ಸಾರಿ ಒಂದೇ ಪ್ರಶ್ನೆಯನ್ನು ಕೇಳಿ, ಮೂರು ಸಾರಿಯೂ ಕೆಲಸವನ್ನು ಒಪ್ಪಿಸಿದನು. ಹಿಂದೆ ಯಾಕೆ ಬಿದ್ದೆ, ಎಂದು ಆತನು ಕೇಳಲಿಲ್ಲ. ತನ್ನನ್ನು ಪ್ರೀತಿಸುತ್ತೀಯೋ, ಎಂದು ಕೇಳಿದನು. ಒಳ್ಳೆಯ ಪ್ರಶ್ನೆಯ ಗುರುತು ಇದೇ: ಅದು ಬಿದ್ದವನನ್ನು ಬಿದ್ದಲ್ಲಿಯೇ ಬಿಡದೆ ಮುಂದಿನ ಕೆಲಸದ ಕಡೆಗೆ ತಿರುಗಿಸುತ್ತದೆ.

ಆದದರಿಂದ ಪ್ರಿಯರೇ, ನಿಮ್ಮೊಳಗಿನ ಪ್ರಸಂಗಿಗೆ ಇನ್ನು ಮೇಲೆ ಸುಮ್ಮನೆ ಕಿವಿಗೊಡುತ್ತಾ ಕೂಡ್ರಬೇಡಿರಿ. ಅವನು ಆಗುವದಿಲ್ಲವೆಂದಾಗ, ಯಾಕೆ ಆಗುವದಿಲ್ಲವೆಂದು ಕೇಳಿರಿ. ಎಲ್ಲಾ ಚೆನ್ನಾಗಿದೆ, ಇನ್ನು ಮಲಗು, ಅಂದಾಗಲೂ ಕೇಳಿರಿ. ಅವನ ಉತ್ತರವನ್ನು ದೇವರ ವಾಕ್ಯದ ಮುಂದೆಯೂ ಒಬ್ಬ ನಂಬಿಗಸ್ತನ ಮುಂದೆಯೂ ಇಟ್ಟು ನೋಡಿರಿ. ಹೊರಗಿನ ಅನ್ಯಾಯವನ್ನು ಒಳಗಿನ ದೋಷವೆಂದು ಹೊತ್ತುಕೊಳ್ಳಬೇಡಿರಿ. ಒಳಗಿನ ದೋಷವನ್ನು ಹೊರಗಿನವರ ಮೇಲೆ ಹಾಕಲೂ ಬೇಡಿರಿ. ಮತ್ತು ಈ ವಾರದಲ್ಲಿ ಕೈಗೆ ನಿಲುಕುವ ಒಂದು ಕೆಲಸವನ್ನು, ಅದು ಒಂದು ಅಕ್ಷರವಾಗಿರಲಿ, ಒಂದು ಸಂಜೆಯಾಗಿರಲಿ, ಸಾಲದ ಒಂದು ಸಣ್ಣ ಕಂತಾಗಿರಲಿ, ದಿನವನ್ನೂ ಹೊತ್ತನ್ನೂ ಗೊತ್ತು ಮಾಡಿಕೊಂಡು ಹಿಡಿಯಿರಿ. ಏತವನ್ನು ಹೂಡುವದು ನಮ್ಮ ಪಾಲಿನದು. ಹೊಳೆಯು ದೇವರದು, ಮತ್ತು ಆ ಹೊಳೆಯು ಎಂದಿಗೂ ಬತ್ತುವದಿಲ್ಲ.